ಐದನೇ ಅಡ್ಡರಸ್ತೆಯ ಹದ

ಎರಡನೇ ಅಡ್ಡರಸ್ತೆಯ ಯಾವುದೋ ಮನೆಯಲ್ಲಿ ಜಗಳ ಹತ್ತಿಕೊಂಡಿತ್ತು. ನೀಲಾಂಬಿಕೆಯ ಮುಂದಿದ್ದ ಪರದೆಯ ಮೇಲೆ ಆ ಮನೆಯ ಚುಕ್ಕೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಿತ್ತಳೆಗೆ ತಿರುಗಿತು. ಅಲ್ಲಿ ಯಾರು ಯಾರಿಗೆ ಏನೆಂದರು ಎಂಬುದು ಅವಳಿಗೆ ಕೇಳುತ್ತಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಗೋಡೆಯೊಳಗೆ ಕೂರಿಸಿದ ಯಂತ್ರ ಮಾತನ್ನು ಬಿಟ್ಟು ದನಿಯ ಏರಿಳಿತವನ್ನಷ್ಟೇ ಅಳೆಯುತ್ತಿತ್ತು. ಅವಳು ಅವಸರವಿಲ್ಲದೆ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿದಳು. ಆ ಮನೆಯ ದೀಪದ ಬೆಳಕು ಕಣ್ಣಿಗೆ ತಿಳಿಯದಷ್ಟು ಮೆತ್ತಗಾಗಬೇಕು, ಫ್ಯಾನಿನ ಗಾಳಿ ಕೊಂಚ ತಂಪಾಗಬೇಕು, ಕಿವಿಗೆ ಸಿಗದ ಒಂದು ಗುನುಗು ಗೋಡೆಯಿಂದ ಹೊರಡಬೇಕು. ಚುಕ್ಕೆ ಸ್ವಲ್ಪ ಹೊತ್ತು ಕಿತ್ತಳೆಯಾಗಿಯೇ ಹಟ ಹಿಡಿದು ನಿಂತು, ಆಮೇಲೆ ಹಳದಿಗೆ ಇಳಿದು, ಕಡೆಗೆ ಹಸಿರಾಯಿತು.

"ಆತು ನೋಡ್ರಿ ನೀಲಕ್ಕ. ಗಂಡ ಹೆಂಡ್ತಿ ಈಗ ಚಾ ಕುಡ್ಯಾಕ ಕುಂತಿರ್ತಾರ," ಎಂದ ಪಕ್ಕದ ಕುರ್ಚಿಯ ಇಮ್ತಿಯಾಜ್.

ಅವಳು ನಕ್ಕಳು. ಈ ಕೆಲಸದಲ್ಲಿ ಅವಳಿಗೆ ಸಿಗುತ್ತಿದ್ದ ಸುಖ ಅದೇ. ಎಲ್ಲೋ ಒಂದು ಕೈ ಮೇಲೇಳುವುದರೊಳಗೆ ತಾನು ಅದನ್ನು ಇಳಿಸಿದೆ ಎಂಬ ಸುಖ.

ಹುಬ್ಬಳ್ಳಿಯ ಹೊರಗೆ, ಮೊದಲು ಬರೀ ಜಾಲಿಗಿಡ ಬೆಳೆದಿದ್ದ ಬಯಲಿನಲ್ಲಿ ಪ್ರಸನ್ನನಗರವನ್ನು ಕಟ್ಟಿದ್ದೇ ಒಂದು ಪ್ರಶ್ನೆಯ ಮೇಲೆ. ಮನುಷ್ಯರನ್ನು ತಿದ್ದುವ ಬದಲು ಅವರು ನಿಂತ ಜಾಗವನ್ನೇ ತಿದ್ದಿದರೆ ಏನಾದೀತು? ಬಸ್ಸಿಗೆ ಕಾಯುವ ಹೊತ್ತು, ಓಣಿಯ ಬೆಳಕು, ಅಂಗಡಿಯ ಸಾಲು ತಿರುಗುವ ರೀತಿ, ಅಡುಗೆಮನೆಯ ಸೆಕೆ, ಇವೆಲ್ಲ ಸೇರಿ ಒಬ್ಬನನ್ನು ಸಿಡುಕನನ್ನಾಗಿಯೋ ಸಾಧುವನ್ನಾಗಿಯೋ ಮಾಡುತ್ತವೆ ಎಂಬುದು ಯೋಜನೆಯ ಮುಖ್ಯಸ್ಥೆ ಡಾಕ್ಟರ್ ರೋಹಿಣಿ ಇನಾಮದಾರರ ನಂಬಿಕೆ. ಎಲ್ಲವನ್ನೂ ಒಟ್ಟಿಗೆ ಹಿಡಿದು ನಡೆಸುವ ವ್ಯವಸ್ಥೆಗೆ ಅವರು 'ಹದ' ಎಂದು ಹೆಸರಿಟ್ಟಿದ್ದರು. ಊರಿಗೆ ಬಂದವರೆಲ್ಲ ತಿಳಿದೇ ಬಂದವರು, ಒಪ್ಪಿ ಸಹಿ ಹಾಕಿದವರು. ನೀಲಾ ಕೆಲಸಕ್ಕೆ ಸೇರಿದ ದಿನ ಇನಾಮದಾರರು ಹೇಳಿದ್ದ ಮೊದಲ ಪಾಠವೂ ಅದೇ. "ಯಾರರೆ ತಪ್ಪು ಮಾಡಿದ್ರ ನಾವು ಅವರ ಗುಣಾ ಹುಡುಕ್ತೀವಿ, ನೀಲಾ. ಗುಣಾ ಆಮ್ಯಾಲೆ. ಮೊದಲ ಅವರು ಎಲ್ಲಿ ನಿಂತಿದ್ರು ನೋಡ್ರಿ."

ಆ ಮಾತು ಅವಳಿಗೆ ಪಾಠಕ್ಕಿಂತ ಹೆಚ್ಚಾಗಿ ಔಷಧದಂತೆ ಕೇಳಿಸಿತ್ತು.

ಯಾಕೆಂದರೆ ಪ್ರಸನ್ನನಗರಕ್ಕೆ ಬರುವ ಮೊದಲು ಅವಳ ಗಂಡ ಚನ್ನವೀರ ಅವಳನ್ನು ಹೊಡೆಯುತ್ತಿದ್ದ. ಆಗ ಅವರಿದ್ದದ್ದು ಹಳೇ ಹುಬ್ಬಳ್ಳಿಯಲ್ಲಿ, ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡ ತಗಡಿನ ಮಾಡಿನ ಮನೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಗೋಡೆ ನಡುಗುತ್ತಿತ್ತು. ಅವನ ಕಾರ್ಖಾನೆ ಮುಚ್ಚಿತ್ತು. ಒಂದು ದಿನ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಶುರುವಾದ ಮಾತು ಬೆಳೆದು, ಅವನು ನೂಕಿದ ರಭಸಕ್ಕೆ ಅವಳ ಎಡಗೈ ಮಣಿಕಟ್ಟು ಮುರಿಯಿತು. ಮಗಳು ಮುಕ್ತಾ ಆಗ ಇನ್ನೂ ಶಾಲೆಗೆ ಹೋಗದ ಕೂಸು. ಕಟ್ಟು ಬಿಚ್ಚುವ ಮೊದಲೇ ಅವರು ಇಲ್ಲಿಗೆ ಬಂದರು.

ಇಲ್ಲಿ ಚನ್ನವೀರ ಬೇರೆಯೇ ಮನುಷ್ಯನಾದ. ವಿದ್ಯುತ್ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿತು. ಮಗಳ ಜಡೆ ಹೆಣೆಯಲು ಕಲಿತ. ಒಂದು ದಿನವೂ ಅವನ ಕೈ ಏಳಲಿಲ್ಲ. ಆದರೆ ಅವನು ಊರಿನ ಗಡಿ ದಾಟಿ ರಾತ್ರಿ ಉಳಿದದ್ದೂ ಇಲ್ಲ. ತಾಯಿಯ ವರ್ಷದ ಕಾರ್ಯಕ್ಕೆ ಅಣ್ಣ ಗದಗಿನಿಂದ ಮೇಲಿಂದ ಮೇಲೆ ಕರೆದರೂ ಹೋಗಲಿಲ್ಲ. "ಇಲ್ಲೆ ಗ್ವಾಡಿ ನನ್ನ ಹಿಡ್ಕೊಂಡಾವು. ಹೊರಗ ಹ್ವಾದ್ರ ಯಾರ್ ಹಿಡೀತಾರ?" ಎಂದಿದ್ದ. ನೀಲಾ ಆ ಮಾತನ್ನು ಒಪ್ಪಿಕೊಂಡಿದ್ದಳು. ತಪ್ಪು ಗಿರಣಿಯದು, ತಗಡಿನದು, ಸೆಕೆಯದು. ಹಾಗೆ ಅಂದುಕೊಂಡರೆ ಅವನ ಪಕ್ಕದಲ್ಲಿ ಮಲಗಿ ನಿದ್ದೆ ಹೋಗುವುದು ಸಾಧ್ಯವಾಗುತ್ತಿತ್ತು.

ಆ ಮಧ್ಯಾಹ್ನ ಇನಾಮದಾರರು ಅವಳನ್ನು ತಮ್ಮ ಕೋಣೆಗೆ ಕರೆದರು.

"ನೀಲಾ, ಒಂದು ಪರೀಕ್ಷಾ ಮಾಡಬೇಕಾಗೇದ. ಹದಾ ಇಲ್ಲದ ಒಂದು ಓಣಿ ಹೆಂಗಿರ್ತದ ಅಂತ ನೋಡಬೇಕು. ಸೋಮವಾರದಿಂದ ಐದನೇ ಅಡ್ಡರಸ್ತಾಕ್ಕ ಬಂದ್ ಮಾಡ್ತೀವಿ. ಒಂದೀಟು ದಿನ ಅಷ್ಟ."

ಐದನೇ ಅಡ್ಡರಸ್ತೆ ಅಂದರೆ ಅವಳ ಓಣಿ. "ನಮ್ಮ ಓಣಿನಽ ಯಾಕ್ರಿ ಮೇಡಂ?"

"ಚೀಟಿ ಎತ್ತಿದ್ವಿ, ಅದು ಬಂತು. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಪರೀಕ್ಷಾ ಕೆಡ್ತದ."

ಅವಳು ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, ತಾನು ಯಾಕೆ ತಲೆಯಾಡಿಸಿದೆ ಎಂದು ಅವಳಿಗೇ ತಿಳಿಯಲಿಲ್ಲ. 'ಆಗುವುದಿಲ್ಲ' ಎನ್ನಬಹುದಿತ್ತು. ಆದರೆ ಆ ಕೋಣೆಯಲ್ಲಿ, ಆ ಕುರ್ಚಿಯ ಮುಂದೆ ನಿಂತಾಗ ಆ ಮಾತು ಹೊಳೆದೇ ಇರಲಿಲ್ಲ.

ಸೋಮವಾರ ಸಂಜೆ ಮನೆಗೆ ಹೋದಾಗ ಎಲ್ಲ ಎಂದಿನಂತೆಯೇ ಇತ್ತು. ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಆದರೂ ಬೆಳಕು ಬಿಳಿಚಿಕೊಂಡಿದೆ ಅನ್ನಿಸಿತು ಅವಳಿಗೆ. ಚನ್ನವೀರ ಬಂದು ಚಪ್ಪಲಿ ಬಿಟ್ಟ. ಎಂದಿಗಿಂತ ಜೋರಾಗಿ ಬಿಟ್ಟನೇ? ನೀರು ಕೇಳಿದ. ದನಿಯಲ್ಲಿ ಏನೋ ಇತ್ತೇ? ಅವಳು ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಸರಿದಳು.

"ಯಾಕ, ಆರಾಮ ಇಲ್ಲೇನು?" ಎಂದ.

"ಹಂಗೇನಿಲ್ರಿ."

ಮರುದಿನ ಅವಳು ಮುಕ್ತಾಳನ್ನು ಸಂಜೆ ಹೊತ್ತು ಎದುರು ಮನೆಗೆ ಆಡಲು ಕಳಿಸಿದಳು. ಅದರ ಮರುದಿನವೂ ಕಳಿಸಿದಳು. ಸಾರಿನ ರುಚಿಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಅವನು ಮಾತಾಡಿದರೆ ಚಿಕ್ಕ ಉತ್ತರ ಕೊಟ್ಟು ಅವನ ಕೈಗಳನ್ನೇ ಗಮನಿಸುತ್ತಿದ್ದಳು. ಕೆಲಸದ ಜಾಗದಲ್ಲೂ ಅವಳ ಕಣ್ಣು ಇಮ್ತಿಯಾಜನ ಪರದೆಯ ಕಡೆಗೆ ಓಡುತ್ತಿತ್ತು. ಯಾರಿಗೂ ಸ್ವಂತ ಓಣಿಯ ಉಸ್ತುವಾರಿ ಕೊಡುತ್ತಿರಲಿಲ್ಲ, ಐದನೇ ಅಡ್ಡರಸ್ತೆ ಇಮ್ತಿಯಾಜನ ಪಾಲಿಗಿತ್ತು. ಅಲ್ಲಿ ಅವಳ ಮನೆಯ ಚುಕ್ಕೆ ಹಸಿರಾಗಿಯೇ ಇತ್ತು. ಹಸಿರಾಗಿದೆ ಅಂದರೆ ಒಳಗೊಳಗೇ ಕುದಿಯುತ್ತಿದೆ ಎಂದು ಅವಳಿಗೆ ತೋರಿತು.

ಚನ್ನವೀರನಿಗೆ ಏನೋ ನಡೆದಿದೆ ಎಂದು ತಿಳಿಯಿತು. ಏನೆಂದು ತಿಳಿಯಲಿಲ್ಲ. ಅವನು ಮಾತಿಗೆ ಕರೆದ, ಅವಳು ಜಾರಿಕೊಂಡಳು. ಅವನು ಸುಮ್ಮನಾದ. ಆ ಮೌನವನ್ನು ಅವಳು ಹಳೆಯ ಮೌನದ ಪಕ್ಕದಲ್ಲಿಟ್ಟು ತೂಗಿದಳು. ಎರಡೂ ಒಂದೇ ಅನ್ನಿಸಿತು.

ಶನಿವಾರ ಸಂಜೆ ಅವಳು ಒಲೆಯ ಮುಂದೆ ನಿಂತಿದ್ದಳು. ಮುಕ್ತಾ ಅವತ್ತು ಹಟ ಹಿಡಿದು ಮನೆಯಲ್ಲೇ ಉಳಿದಿದ್ದಳು. ಗೋಡೆಯ ಮೇಲಿನ ಗೂಡಿನಲ್ಲಿದ್ದ ಹಪ್ಪಳದ ಡಬ್ಬಿ ತೆಗೆಯಲು ಚನ್ನವೀರ ಹಿಂದಿನಿಂದ ಬಂದು ಕೈ ಎತ್ತಿದ. ನೀಲಾಳ ಮೈಗೆ ಏನು ಗೊತ್ತಾಯಿತೋ, ಅವಳು ಕುಗ್ಗಿ, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಕೂತುಬಿಟ್ಟಳು.

ಮೇಲೆತ್ತಿದ ಕೈ ಡಬ್ಬಿ ಹಿಡಿದು ಹಾಗೇ ನಿಂತಿತು. ಮುಕ್ತಾ ಅಮ್ಮನನ್ನೂ ಅಪ್ಪನನ್ನೂ ನೋಡಿದಳು.

ಊಟಕ್ಕೆ ಕೂತಾಗ ಅವನೇ ಕೇಳಿದ. "ನಾ ಏನ್ ಮಾಡ್ದೆ?"

"ಏನಿಲ್ರಿ."

"ಏನಿಲ್ಲಂದ್ರ ವಾರದಿಂದ ಯಾಕ ಹಿಂಗ ನೋಡಾಕತ್ತಿ? ಕಳ್ಳನ್ನ ನೋಡಿದಂಗ ನೋಡ್ತಿ. ಕೂಸಿನ್ನ ಮಂದಿ ಮನಿಗೆ ಕಳಸ್ತಿ."

"ಊಟಾ ಮಾಡ್ರಿ."

"ಹೇಳಽ ನೀಲಾ! ನನ್ನ ಮಾರಿ ಮ್ಯಾಲ ಏನ್ ಕಾಣಾಕತ್ತೈತಿ ನಿನಗ?"

ಅವಳು ಮುಕ್ತಾಳಿಗೆ ಅನ್ನ ಬಡಿಸತೊಡಗಿದಳು. ಅವನ ಊಟದ ಗಂಗಾಳ ಗೋಡೆಗೆ ಹೋಗಿ ಬಡಿಯಿತು. ಅನ್ನ, ಸಾರು ಸುಣ್ಣದ ಮೇಲಿಂದ ಇಳಿದವು. ಮುಕ್ತಾ ಕೂಗಲಿಲ್ಲ, ಅಳಲಿಲ್ಲ. ಕೂತಲ್ಲೇ ಅವಳ ಚಡ್ಡಿ ಒದ್ದೆಯಾಯಿತು. ಚನ್ನವೀರ ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡ. ಎದ್ದು ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋದ.

ಹೆದರಿಕೆಯ ನಡುವೆ ನೀಲಾಳಿಗೆ ಇನ್ನೊಂದು ಅನ್ನಿಸಿಕೆಯೂ ಬಂತು. ನೋಡು, ನಾನು ಎಣಿಸಿದ್ದೇ ಆಯಿತು ಎಂಬ ಸಣ್ಣ ಸಮಾಧಾನ. ಅದು ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗಳ ಬಟ್ಟೆ ಬದಲಿಸಿ, ಮಡಿಲಲ್ಲಿ ಹಾಕಿಕೊಂಡು ಕೂತಳು.

ಸೋಮವಾರ ಅವಳು ಕೆಲಸದ ಕುರ್ಚಿಗೂ ಹೋಗದೆ ನೆಟ್ಟಗೆ ಇನಾಮದಾರರ ಕೋಣೆಗೆ ನುಗ್ಗಿದಳು.

"ಮೇಡಂ, ನಮ್ಮ ಓಣಿಗೆ ಹದಾ ಚಾಲೂ ಮಾಡ್ರಿ. ಈಗಿಂದೀಗ. ಆತು ನಿಮ್ಮ ಪರೀಕ್ಷಾ. ಹದಾ ಬಂದ್ ಆದ್ರ ನನ್ನ ಗಂಡ ಮದಲಿನಂಗ ಆಗ್ತಾನ. ಬರಕೋರಿ."

ಇನಾಮದಾರರು ಬರೆದುಕೊಳ್ಳಲಿಲ್ಲ. ಏನಾಯಿತೆಂದು ಕೇಳಿದರು. ನೀಲಾ ಎಲ್ಲ ಹೇಳಿದಳು. ಅವರು ಎದ್ದು ಬಾಗಿಲು ಮುಚ್ಚಿ ಬಂದು, ಮೇಜಿನ ಆಚೆ ಕೂರದೆ ಅವಳ ಪಕ್ಕದ ಕುರ್ಚಿಯಲ್ಲೇ ಕೂತರು.

"ನಿಮ್ಮ ಓಣಿಗೆ ಬಂದ್ ಮಾಡಿಲ್ಲ, ನೀಲಾ."

"ಅಂದ್ರ?"

"ಸೋಮವಾರ ನಾವು ಏನೂ ಬಂದ್ ಮಾಡಲಿಲ್ಲ. ಬಂದ್ ಮಾಡಲಿಕ್ಕೆ ಏನೂ ಉಳದಿದ್ದಿಲ್ಲ. ಇಡೀ ಊರಿಗೆ ಹದಾ ಬಂದ್ ಆಗಿ ವರ್ಷದ ಮ್ಯಾಲಾತು."

ನೀಲಾಳಿಗೆ ಮಾತುಗಳು ಕೇಳಿದವು, ಅರ್ಥ ಹಿಂದೆಯೇ ಉಳಿಯಿತು. "ನಾವು ದಿನಾ ಗುಂಡಿ ತಿರಗಸ್ತೀವಲ್ರಿ?"

"ತಿರಗಸ್ತೀರಿ. ಆ ಗುಂಡಿಗೂ ಮನಿಗೂ ಸಂಬಂಧಾ ಇಲ್ಲ. ಚುಕ್ಕಿ ಅಷ್ಟ ಖರೇ. ದನಿ ಏರಿದ್ರ ಬಣ್ಣಾ ಬದಲಾಗ್ತದ, ಇಳದ್ರ ಹಸರಾಗ್ತದ."

"ನಾ ಗುಂಡಿ ತಿರಗಿಸಿದ ಮ್ಯಾಲೆ ಹಸರಾಗ್ತಿತ್ತಲ್ರಿ ಮತ್ತ?"

"ಜಗಳಾ ಬಹಳ ಮಟ್ಟಿಗೆ ತಾವಽ ಇಳೀತಾವ, ನೀಲಾ. ನೀವು ಅವು ಇಳಿಯೋ ಹೊತ್ತಿಗೆ ಸರಿಯಾಗಿ ಗುಂಡಿ ತಿರಗಸ್ತಿದ್ರಿ."

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಯೋಜನೆಯ ಸಮಿತಿ ಒಮ್ಮೆ ಕೇಳಿತ್ತು. ಜನ ಸೌಮ್ಯವಾಗಿರುವುದು ಹದದಿಂದಲೋ, ಹದ ಇದೆ ಎಂಬ ನಂಬಿಕೆಯಿಂದಲೋ? ಹಾಗಾಗಿ ಯಾರಿಗೂ ಹೇಳದೆ ನಿಲ್ಲಿಸಿ ನೋಡಿದರು. ಏನೂ ಬದಲಾಗಲಿಲ್ಲ. ಜನ ಹಾಗೇ ಇದ್ದರು. ಆಮೇಲೆ ಎರಡನೆಯ ಪ್ರಶ್ನೆ ಬಂತು. ಹದ ನಿಂತಿದೆ ಎಂದು ಒಬ್ಬರಿಗೆ ಅನ್ನಿಸಿದರೆ? ಅದಕ್ಕಾಗಿ ಕೆಲವು ನೌಕರರಿಗೆ ಅವರವರ ಓಣಿಯಲ್ಲಿ ಬಂದ್ ಆಗುತ್ತದೆ ಎಂದು ಹೇಳಿದರು. ಅಷ್ಟೇ. ಹೇಳಿದ್ದಷ್ಟೇ ಪರೀಕ್ಷೆ.

"ಅಂದ್ರ ಪರೀಕ್ಷಾ ನನ್ನ ಮ್ಯಾಲ," ಎಂದಳು ನೀಲಾ.

"ನೀವು ಸಹಿ ಹಾಕಿದ ಒಪ್ಪಿಗೆಯೊಳಗ ಅದೂ ಬರತದ..."

"ನನ್ನ ಕೈ ಮುರದಿದ್ದು ನಿಮಗ ಗೊತ್ತಿತ್ತು, ಮೇಡಂ. ಗೊತ್ತಿದ್ದೂ ಮಾಡಿದ್ರಿ. ನನ್ನ ಮಗಳು ಕುಂತಲ್ಲೇ ಉಚ್ಚಿ ಹೊಯ್ಕೊಂಡ್ಳು."

ಇನಾಮದಾರರ ಮುಖ ಇಳಿಯಿತು. "ಗೊತ್ತಿತ್ತು. ನಿಮ್ಮ ಹೆಸರು ತಗೀಬೇಕು ಅಂತ ಅನಿಸಿತ್ತು. ಸಮಿತಿ ಕೂತಾಗ ಮಾತು ಬಂತು. ಈಗ ಅಂವಾ ಇಷ್ಟು ದಿನಾ ಚೊಲೋನ ಇದ್ದಾನಲ್ಲಾ ಅಂದ್ರು ಯಾರೋ. ನಾ ಹೂಂ ಅಂದೆ."

"ಯಾಕ ಹೂಂ ಅಂದ್ರಿ?"

ಈ ವಿಷಯದ ಮೇಲೆ ಪುಸ್ತಕ ಬರೆದಿದ್ದ, ದೇಶದ ಹೊರಗೆಲ್ಲ ಭಾಷಣ ಮಾಡಿಬಂದಿದ್ದ ಆ ಹೆಂಗಸು ಹೇಳಿದರು. "ಎಲ್ಲಾರೂ ಹೂಂ ಅಂದ್ರು, ನೀಲಾ."

ಅವಳು ಎದ್ದಳು. ಬಾಗಿಲ ಬಳಿ ಅವರು ಮತ್ತೆ ಕರೆದರು. ಊರಿನವರಿಗೆ ಈಗಲೇ ಹೇಳಬೇಡಿ, ತಿಳಿದರೆ ಏನಾಗುತ್ತದೋ ನನಗೂ ಗೊತ್ತಿಲ್ಲ ಎಂದರು. ಈ ಸಲ ನೀಲಾ ತಲೆಯಾಡಿಸಲಿಲ್ಲ. ಹೊರಗಿನ ಕೋಣೆಯಲ್ಲಿ ಇಮ್ತಿಯಾಜ್ ಯಾವುದೋ ಹಳದಿ ಚುಕ್ಕೆಯ ಮುಂದೆ ಬಾಗಿ, ತುಟಿ ಕಚ್ಚಿಕೊಂಡು, ಬಲು ಎಚ್ಚರದಿಂದ ಗುಂಡಿ ತಿರುಗಿಸುತ್ತಿದ್ದ. ಅವಳು ಅವನ ಬೆನ್ನ ಹಿಂದೆ ನಿಂತು ಆ ಚುಕ್ಕೆ ಹಸಿರಾಗುವವರೆಗೆ ನೋಡಿ ಹೊರಟಳು.

ಡಿಪೋದ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಲೆಕ್ಕ ಹತ್ತುತ್ತಿರಲಿಲ್ಲ. ವರ್ಷದಿಂದ ಗೋಡೆಗಳು ಬರೀ ಗೋಡೆಗಳು. ಹಾಗಾದರೆ ಆ ವರ್ಷ ಅವನ ಕೈ ಹಿಡಿದದ್ದು ಯಾರು? ಅವನೇ? ಗೋಡೆ ಹಿಡಿದಿದೆ ಎಂಬ ಅವನ ನಂಬಿಕೆಯೇ? ಶನಿವಾರ ಗಂಗಾಳ ಎಸೆದದ್ದು ಅವನೋ, ತನ್ನ ಕಣ್ಣೋ? ತನ್ನ ಕಣ್ಣು ಎಂದರೆ ತಪ್ಪೆಲ್ಲ ತನ್ನ ತಲೆಗೇ ಬರುತ್ತದೆ. ಅವನೇ ಎಂದರೆ, ಆ ವಾರ ಅವನು ಒಬ್ಬನೇ ಅನುಭವಿಸಿದ ಅವಮಾನಕ್ಕೆ ಬೆಲೆಯೇ ಇಲ್ಲ. ಯಾವ ಕಡೆಯಿಂದ ಹೊರಟರೂ ಅವಳು ಮತ್ತೆ ಗಿರಣಿಯ ಪಕ್ಕದ ಮನೆಗೇ ಬಂದು ನಿಲ್ಲುತ್ತಿದ್ದಳು.

ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ಮುದುಕರೊಬ್ಬರಿಗೆ ಎದ್ದು ಜಾಗ ಬಿಟ್ಟಳು. ಪ್ರಸನ್ನನಗರದಲ್ಲಿ ಅದು ದಿನಾ ಕಾಣುವ ನೋಟ. ನೀಲಾ ಆ ಹುಡುಗಿಯನ್ನು ತಿರುಗಿ ತಿರುಗಿ ನೋಡಿದಳು.

ಚನ್ನವೀರ ಒಂದು ಬಸ್ಸಿನ ಕೆಳಗೆ ಮಲಗಿ ಬ್ಯಾಟರಿಯ ತಳ ಬಿಚ್ಚುತ್ತಿದ್ದ. ಎರಡು ರಾತ್ರಿ ಡಿಪೋದ ವಿಶ್ರಾಂತಿ ಕೋಣೆಯಲ್ಲೇ ಕಳೆದಿದ್ದ. ಅವಳ ಕಾಲು ಕಂಡು ಹೊರಗೆ ತೆವಳಿ ಬಂದ. ಗಡ್ಡ ಬೆಳೆದಿತ್ತು. ಅವಳಿಂದ ದೂರ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತ.

"ಮುಕ್ತಾ?"

"ಸಾಲಿಗೆ ಹೋಗ್ಯಾಳ. ನಿಮಗ ಒಂದ್ ಮಾತ ಹೇಳಬೇಕು."

ಇಬ್ಬರೂ ಟೈರುಗಳ ರಾಶಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ಅವಳು ಎಲ್ಲ ಹೇಳಿದಳು. ತನಗೆ ಹೇಳಿದ ಸುಳ್ಳು, ತಾನು ಅವನನ್ನು ನೋಡಿದ ರೀತಿ, ವರ್ಷದಿಂದ ಸತ್ತಿರುವ ಗುಂಡಿಗಳು. ಅವನು ಮೊದಲು ನಂಬಲಿಲ್ಲ, ಆಮೇಲೆ ನಕ್ಕ. "ವರ್ಷದಿಂದ ಏನೂ ಇಲ್ಲ? ಬರೇ ಸುಣ್ಣಾ, ಇಟ್ಟಂಗಿ?"

"ಏನೂ ಇಲ್ರಿ. ನೀವು ನಿಮ್ಮಷ್ಟಕ್ಕ ನೀವಽ ಚೊಲೋ ಇದ್ರಿ."

ಅವನಿಗೆ ಹಿಗ್ಗಾಗುತ್ತದೆ ಎಂದು ಅವಳು ಎಣಿಸಿದ್ದಳು. ಅದಕ್ಕಾಗಿಯೇ ಅವಸರದಲ್ಲಿ ಬಂದಿದ್ದಳು. ಅವನ ನಗು ಮುಖದ ಮೇಲೆ ಇನ್ನೂ ಇತ್ತು, ಕಣ್ಣು ಮಾತ್ರ ಬೇರೆಲ್ಲೋ ಹೋಗಿತ್ತು.

"ಹಂಗಾದ್ರ," ಎಂದ, "ಹುಬ್ಬಳ್ಳ್ಯಾಗ ನಿನ್ನ ಕೈ ಮುರದವಾ ಯಾರು?"

ಅವಳು ಎಡಗೈಯ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡಳು.

"ಚೊಲೋ ಇದ್ದವಾ ನಾನಽ ಅಂದ್ರ, ಅವತ್ತ ಇದ್ದವನೂ ನಾನಽ ಅಲ್ಲೇನು? ಗಿರಣಿ ಅಲ್ಲ, ತಗಡ ಅಲ್ಲ. ಇಷ್ಟ ದಿನಾ ನಾ ಅದನ್ನ ಬ್ಯಾರೆ ಯಾರೋ ಮಾಡಿದ್ದು ಅಂದ್ಕೊಂಡಿದ್ದೆ. ಆ ಮನಿ ಮಾಡಿದ್ದು ಅಂದ್ಕೊಂಡಿದ್ದೆ. ಹೇಳು ನೀಲಾ, ಯಾರು?"

ಗಿರಣಿಯ ಸದ್ದು ಇತ್ತು, ಸೆಕೆ ಇತ್ತು, ನಿಮಗೆ ಕೆಲಸ ಇರಲಿಲ್ಲ ಎಂದು ಹೇಳಲು ಅವಳ ನಾಲಿಗೆ ಹೊರಳಿತು. ಎಷ್ಟು ವರ್ಷ ತನಗೆ ತಾನೇ ಹೇಳಿಕೊಂಡ ಮಾತು ಅದು. ಅದು ಸುಳ್ಳೂ ಅಲ್ಲ. ಆದರೆ ಆ ಓಣಿಯಲ್ಲಿ ಅದೇ ತಗಡಿನ ಕೆಳಗೆ, ಅದೇ ಸದ್ದಿನೊಳಗೆ ಇನ್ನೂ ಎಷ್ಟೋ ಗಂಡಸರು ಇದ್ದರು. ಕೆಲವರು ಹೊಡೆಯುತ್ತಿದ್ದರು, ಕೆಲವರು ಹೊಡೆಯುತ್ತಿರಲಿಲ್ಲ.

"ನೀವಽ," ಎಂದಳು.

ಆ ಮಾತನ್ನು ಅವಳು ಅವನಿಗೆ ಎಂದೂ ಹೇಳಿರಲಿಲ್ಲ. ಅವನು ಮಂಡಿಗಳ ನಡುವೆ ತಲೆ ಹಾಕಿ ಕೂತ. ಅಳುತ್ತಿದ್ದನೋ ಏನೋ, ಡಿಪೋದ ಸದ್ದಿನಲ್ಲಿ ಕೇಳಿಸಲಿಲ್ಲ.

"ಶನಿವಾರದ್ದು?" ಎಂದ ತಲೆ ಎತ್ತದೆ.

"ಅದು ನನಗ ತಿಳೀವಲ್ದು. ನಾ ಅಷ್ಟ ಹೆದರಿ ನೋಡದಿದ್ರ ನೀವು ಗಂಗಾಳ ಒಗೀತಿದ್ದಿಲ್ಲೇನೋ. ಆದ್ರ ಒಗದ ಕೈ ನಂದಲ್ಲ."

"ಅಲ್ಲ," ಎಂದ. "ಈಗ ಏನ್ ಮಾಡೂದು?"

ಇವತ್ತು ಇಲ್ಲೇ ಇರಿ, ಮುಕ್ತಾಳ ಹತ್ತಿರ ನಾನು ಮಾತಾಡುತ್ತೇನೆ, ನಾಳೆ ನೋಡೋಣ ಎಂದಷ್ಟೇ ಹೇಳಿ ಎದ್ದಳು.

ಮನೆಯಲ್ಲಿ ಗೋಡೆಯ ಮೇಲಿನ ಸಾರಿನ ಕಲೆ ಒಣಗಿ ಕಂದಾಗಿತ್ತು. ಮುಕ್ತಾ ಶಾಲೆಯಿಂದ ಬಂದು ಚೀಲ ಇಳಿಸಿ, "ಅಪ್ಪ ಸಿಟ್ಟಿನಾಂವ ಅದಾನೇನು?" ಎಂದು ಕೇಳಿದಳು.

"ಒಮ್ಮೊಮ್ಮೆ."

"ಮತ್ತ ಒಮ್ಮೊಮ್ಮೆ?"

"ಒಮ್ಮೊಮ್ಮೆ ಅಲ್ಲ."

ಮುಕ್ತಾ ಚೀಲವನ್ನು ಮಡಿಲಿಗೆ ಎಳೆದುಕೊಂಡು ಕೂತಳು. "ಯಾವಾಗ ಯಾವುದು ಅಂತ ಹೆಂಗ ಗೊತ್ತಾಗ್ತೈತಿ?" ಎಂದಳು. ನೀಲಾ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದು ಯಾವ ಪರದೆಯ ಮೇಲೂ ಮೂಡುವುದಿಲ್ಲ ಎಂದು ಒಂಬತ್ತು ವರ್ಷದ ಮಗುವಿಗೆ ಹೇಗೆ ಹೇಳುವುದು?

ಮರುದಿನ ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದಾಗ ಚನ್ನವೀರ ಗೇಟಿನ ಹೊರಗೆ ಬಂದು ನಿಂತ. ಗಡ್ಡ ತೆಗೆದಿದ್ದ. ಗೇಟಿಗೆ ಬೀಗ ಇರಲಿಲ್ಲ, ಆದರೂ ತಳ್ಳಲಿಲ್ಲ.

"ಒಳಗ ಬರ್ಲೇನು?" ಎಂದು ಕೇಳಿದ.

ಇದು ಅವನ ಮನೆ. ಅವನು ಯಾವತ್ತೂ ಹಾಗೆ ಕೇಳಿದವನಲ್ಲ, ಗಿರಣಿಯ ಪಕ್ಕದ ಮನೆಯಲ್ಲೂ ಇಲ್ಲ, ಇಲ್ಲಿಯೂ ಇಲ್ಲ. ಅವಳು ಪೊರಕೆ ಹಿಡಿದು ನಿಂತಳು. 'ಬರ್ರಿ' ಎಂದರೆ ಅದು ತನ್ನ ಮಾತೋ, ಬೆಳಗಿನ ಹೊತ್ತಿನಲ್ಲಿ ಗೇಟಿನಲ್ಲಿ ನಿಂತ ಗಂಡನಿಗೆ, ಎದುರು ಮನೆಯವರು ನೋಡುತ್ತಿರುವಾಗ, ಯಾವ ಹೆಂಗಸಾದರೂ ಹೇಳುವ ಮಾತೋ? 'ಬ್ಯಾಡ' ಎಂದರೆ?

"ಸ್ವಲ್ಪ ತಡೀರಿ," ಎಂದಳು.

ಒಳಗೆ ಹೋಗಿ ಚಹಾ ಮಾಡಿದಳು. ಎರಡು ಕಪ್ಪು ತಂದು ಗೇಟು ತೆಗೆದು, ಹೊರಗಿನ ಕಟ್ಟೆಯ ಮೇಲೆ ಒಂದನ್ನು ಅವನ ಕಡೆ ಸರಿಸಿ, ಇನ್ನೊಂದು ತುದಿಯಲ್ಲಿ ತಾನು ಕೂತಳು. ಅವನೂ ಕೂತ. ಎದುರು ಮನೆಯವರು ಕೈಯೆತ್ತಿ ನಮಸ್ಕಾರ ಮಾಡಿದರು, ಇಬ್ಬರೂ ಮಾಡಿದರು. ಚಹಾ ಬಿಸಿಯಿತ್ತು. ಇಬ್ಬರೂ ಊದಿ ಊದಿ ಕುಡಿದರು. ಅವನು ಬಾಗಿಲ ಕಡೆ ನೋಡಲಿಲ್ಲ, ಅವಳು ಅವನ ಕೈಗಳ ಕಡೆ ನೋಡಲಿಲ್ಲ. ನೋಡಬಾರದೆಂದು ಪ್ರಯತ್ನಪಟ್ಟು ನೋಡಲಿಲ್ಲ. ಒಳಗಿನಿಂದ ಮುಕ್ತಾ ಎದ್ದು, "ಅವ್ವಾ, ಯಾರ್ ಬಂದಾರ?" ಎಂದು ಕೂಗಿದಳು. ಚನ್ನವೀರ ಕಪ್ಪನ್ನು ಕಟ್ಟೆಯ ಮೇಲಿಟ್ಟು ನೀಲಾಳ ಮುಖ ನೋಡಿದ.